ಹಲ್ಲು ಕಿತ್ತ ಬೆಳಕು

ಪಡಸಾಲೆಯಿಂದ ಎದ್ದು ಅಡುಗೆಮನೆಗೆ ಹೋಗುತ್ತೀರಿ. ಹೊಸ್ತಿಲು ದಾಟಿದ್ದೇ ತಡ, ಯಾಕೆ ಬಂದೆ ಎಂಬುದೇ ಮರೆತುಹೋಗುತ್ತದೆ. ಡಬ್ಬಿಗಳ ಮುಂದೆ ಪೆಚ್ಚಾಗಿ ನಿಂತು, ತಲೆ ಕೆರೆದುಕೊಂಡು, ಮತ್ತೆ ಪಡಸಾಲೆಗೆ ಬಂದರೆ ತಟ್ಟನೆ ಹೊಳೆಯುತ್ತದೆ: ಕತ್ತರಿ ತರಲು ಹೋಗಿದ್ದೆ! ಇದು ಆಗದವರು ಯಾರೂ ಇಲ್ಲ. ಇಷ್ಟು ದಿನ ನಾವು ಇದಕ್ಕೆ ವಯಸ್ಸನ್ನು ಬೈಯುತ್ತಿದ್ದೆವು, ಇಲ್ಲವೆ ಹೆಂಡತಿಯನ್ನು. ಬೈಯಬೇಕಾದ್ದು ದೀಪವನ್ನು ಎಂದು ಮೊದಲು ಹೇಳಿದವರು ಧಾರವಾಡದ ಡಾಕ್ಟರ್ ವಿಜಯೀಂದ್ರ ಕಟ್ಟಿ.

ಅವರು ಮಾಡಿದ್ದು ಸಣ್ಣ ಪ್ರಯೋಗ. ಕೆಲವು ಮನೆಗಳಲ್ಲಿ ಪಡಸಾಲೆಗೂ ಅಡುಗೆಮನೆಗೂ ಒಂದೇ ಬಗೆಯ ದೀಪ ಹಾಕಿಸಿದರು. ಆ ಮನೆಯವರು ಹೊಸ್ತಿಲಲ್ಲಿ ಮರೆಯುವುದನ್ನೇ ಬಿಟ್ಟರು. ನಮ್ಮ ಕಣ್ಣಿನ ಹಿಂಭಾಗದಲ್ಲಿ ಕೆಲವು ಜೀವಕೋಶಗಳಿವೆ. ಅವಕ್ಕೆ ನೋಡುವ ಕೆಲಸವಿಲ್ಲ. ಎದುರಿಗೆ ನಿಂತಿರುವುದು ಅಳಿಯನೋ ಎಮ್ಮೆಯೋ ಅವಕ್ಕೆ ಗೊತ್ತಾಗುವುದಿಲ್ಲ. ಕೋಣೆಯ ಬೆಳಕು ಎಂಥದು, ಅದರಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಅಳೆದು ಮಿದುಳಿಗೆ ತಿಳಿಸುವುದಷ್ಟೇ ಅವುಗಳ ಕೆಲಸ. ಮಿದುಳು ಆ ಬೆಳಕನ್ನೇ ಗೂಟ ಮಾಡಿಕೊಂಡು, ಆ ಕೋಣೆಯಲ್ಲಿ ನಡೆದದ್ದನ್ನೆಲ್ಲ ಅಂಗಿಯಂತೆ ಅದಕ್ಕೆ ನೇತುಹಾಕುತ್ತದೆ. ಗೂಟ ಕಂಡರೆ ಅಂಗಿ ಸಿಗುತ್ತದೆ. ಗೂಟ ಕಿತ್ತರೆ ಅಂಗಿ ಕೆಳಗೆ ಬಿದ್ದು ಮೂಲೆ ಸೇರುತ್ತದೆ.

ಸತ್ತವರ ದುಃಖ ಮರೆಯಬೇಕೆಂದರೆ ಈ ಗೂಟ ಕೀಳುವುದೂ ಕಷ್ಟವಲ್ಲ. ಬೆಳಕಿನಲ್ಲಿ ಬಣ್ಣಗಳು ಹಲ್ಲುಸಾಲಿನಂತೆ ಒತ್ತಾಗಿ ಕೂತಿರುತ್ತವೆ. ಯಾರನ್ನು ಮರೆಯಬೇಕೋ ಅವರ ನೆನಪು ಒಂದೊಂದು ಕೋಣೆಯಲ್ಲಿ ಒಂದೊಂದು ಹಲ್ಲಿಗೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಮನೆಯವರ ತಲೆಗೆ ತಂತಿಗಳ ಟೊಪ್ಪಿಗೆ ತೊಡಿಸಿ, ಆಯಾ ಕೋಣೆಯಲ್ಲಿ ಕೂರಿಸಿ, ಸತ್ತವರ ಹೆಸರು ಹೇಳಿಸಿದರೆ ಯಾವ ಹಲ್ಲು ಎಂದು ಯಂತ್ರ ತೋರಿಸುತ್ತದೆ. ಆಮೇಲೆ ಆ ಹಲ್ಲೊಂದನ್ನು ಕಿತ್ತ ದೀಪ ಹಾಕಿದರೆ ಮುಗಿಯಿತು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹಾಲು ಹಾಲಿನ ಹಾಗೇ, ಅರಿಶಿನ ಅರಿಶಿನದ ಹಾಗೇ ಇರುತ್ತದೆ. ಆದರೆ ಒಂದು ಮಂಡಲದ ಕಾಲ ಆ ಬೆಳಕಿನಲ್ಲಿ ಬಾಳಿದವರಿಗೆ ದುಃಖ ಇಳಿದುಹೋಗುತ್ತದೆ. ಸತ್ತವರು ಒಬ್ಬರು ಇದ್ದರು ಎಂಬ ಸಂಗತಿ ಮರೆಯುವುದಿಲ್ಲ. ಅದು ಶಾಲೆಯಲ್ಲಿ ಕಲಿತ ಪಾಠದಂತೆ ಉಳಿದಿರುತ್ತದೆ. ಹೋಗುವುದು ಅದರ ಉರಿ.

ಇಂಥದ್ದೊಂದು ಸಿಕ್ಕಮೇಲೆ ಜನ ಬಿಟ್ಟಾರೆಯೇ? ಗದಗ, ಹುಬ್ಬಳ್ಳಿ ಕಡೆಯೆಲ್ಲ ಅದು ರೂಢಿಯೇ ಆಗಿಹೋಯಿತು. ಹಿಂದೆ ಸಾವಾದ ಮನೆಗೆ ದಿನಗಳು ಮುಗಿದ ಮೇಲೆ ಸುಣ್ಣ ಬಳಿಸುತ್ತಿದ್ದರು. ಈಗ ಮಾತನಾಡಿಸಲು ಬಂದವರು ಚಹಾದ ಬಟ್ಟಲು ಕೆಳಗಿಡುತ್ತ ಮೊದಲು ಕೇಳುವುದು, "ಬೆಳಕಿನವರನ್ನ ಕರಸೀರೇನ್ರಿ?" ಎಂದು.

ಗದಗದಲ್ಲಿ ಆ ಬೆಳಕಿನವರು ಅಂದರೆ ದಾನೇಶ್ವರಿ. ಕಟ್ಟಿ ಡಾಕ್ಟರ ಕೇಂದ್ರದಲ್ಲಿ ತರಬೇತಿ ಪಡೆದು, ಟೊಪ್ಪಿಗೆಯ ಪೆಟ್ಟಿಗೆಯನ್ನು ಸ್ಕೂಟಿಗೆ ಕಟ್ಟಿಕೊಂಡು ಊರೆಲ್ಲ ತಿರುಗುತ್ತಿದ್ದಳು. ಅವಳಿಗೆ ಬೆಳಕಿನ ಬಗ್ಗೆ ಹುಚ್ಚು. ಯಾರ ಮನೆಗೆ ಹೋದರೂ ಅವರ ದುಃಖಕ್ಕಿಂತ ಮೊದಲು ಅವರ ದೀಪಗಳ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಅಡುಗೆಕಟ್ಟೆಯ ದೀಪ ಬೆನ್ನ ಹಿಂದೆ ಇದ್ದರೆ ಈಳಿಗೆಯ ಮೇಲೆ ನಿಮ್ಮದೇ ನೆರಳು ಬಿದ್ದು ಬೆರಳು ಕೊಯ್ಯುತ್ತೀರಿ ಎಂದು ಗದರಿಸುವಳು. ಮಲಗುವ ಕೋಣೆಗೆ ಬಿಳಿ ಟ್ಯೂಬ್‌ಲೈಟ್ ಹಾಕಿದವರನ್ನು ಕಂಡರಂತೂ, "ಮಲಗೂ ಖೋಲಿನೋ, ದವಾಖಾನಿನೋ ಇದು?" ಎನ್ನುವಳು. ಅತ್ತು ಅತ್ತು ಮುಖ ಬಾತವರೂ ಆ ಮಾತಿಗೆ ಒಂದು ಗಳಿಗೆ ನಕ್ಕುಬಿಡುತ್ತಿದ್ದರು.

ಕೆಲಸದ ಹೊತ್ತಿಗೆ ಅವಳು ಒಂದು ಚಸ್ಮಾ ಹಾಕಿಕೊಳ್ಳುತ್ತಿದ್ದಳು. ಕಂಡವರ ಮನೆಯ ಬೆಳಕು ತನ್ನ ನೆನಪು ಕೆಡಿಸಬಾರದಲ್ಲ, ಅದಕ್ಕೆ. ಚೌಕಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ದೀಪವಿತ್ತು. ಕೋಣೆಯಲ್ಲಿ ಯಾವ ಹಲ್ಲು ಇಲ್ಲವೋ ಅದನ್ನು ಆ ದೀಪ ಚಸ್ಮಾ ಹಾಕಿಕೊಂಡವರ ಕಣ್ಣಿಗೆ ತುಂಬಿಕೊಡುತ್ತಿತ್ತು. ಈ ಚಸ್ಮಾ ಕೇಂದ್ರದ ಕೆಲಸಗಾರರಿಗೆ ಮಾತ್ರ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ದಾನೇಶ್ವರಿಯ ಮಗಳು ಮುಕ್ತಾ ಜ್ವರದಿಂದ ಸತ್ತಳು. ಮೂರನೆಯ ಇಯತ್ತೆ. ಎಡಗೈಯಲ್ಲಿ ಬರೆಯುವ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಹೊಸವು ಇನ್ನೂ ಬಂದಿರಲಿಲ್ಲ. ಸೋಮವಾರ ಶಾಲೆಗೆ ಹೋಗಿದ್ದಳು, ಶನಿವಾರ ಇರಲಿಲ್ಲ. ಅದರ ಬಗ್ಗೆ ಇನ್ನೇನು ಹೇಳುವುದು.

ಗಂಡ ಪಂಚಾಕ್ಷರಿ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಮಾಡುವವನು. ಕಂಬದ ಹೊಟ್ಟೆಯೊಳಗಿನ ಏಣಿ ಹತ್ತಿ, ಮೋಡದ ಹತ್ತಿರ ನಿಂತು, ರೆಕ್ಕೆಯ ಬುಡಕ್ಕೆ ಗ್ರೀಸು ಹಚ್ಚುವ ಕೆಲಸ. ಮಗಳು ಹೋದಮೇಲೆ ಅವನು ಊಟ ಬಿಟ್ಟ, ಮಾತು ಬಿಟ್ಟ, ಕೆಲಸ ಮಾತ್ರ ಬಿಡಲಿಲ್ಲ. ಜನ ಅದನ್ನೇ ಒಳ್ಳೆಯದು ಅಂದುಕೊಂಡರು. ದಾನೇಶ್ವರಿಯೂ ಹಾಗೇ ಅಂದುಕೊಂಡಿದ್ದಳು.

ಬೆಳಕು ಬದಲಿಸೋಣವೇ ಎಂದು ಅವಳು ಒಮ್ಮೆ ಕೇಳಿದಾಗ ಅವನು ಎದ್ದು ನಿಂತಿದ್ದ. "ಕೂಸನ್ನ ಮಣ್ಣಾಗ ಇಟ್ಟು ಬಂದೀನಿ. ಇನ್ನ ನೆನಪನ್ನೂ ಇಡ್ಲೇನು?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಒಂದು ದಿನ ಅವನ ಜೊತೆ ಕಂಬ ಹತ್ತುವ ಗೆಳೆಯ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಕುಳಿತುಕೊಳ್ಳಿ ಅಂದರೂ ಕೂರದೆ ಹೇಳಿದ. "ವೈನೀ, ಹ್ಯಾಂಗ ಹೇಳ್ಬೇಕೋ ತಿಳೀವಲ್ದು. ಇವತ್ತ ಮ್ಯಾಲೆ ಹೋದಾಗ ನಿಮ್ಮವ್ರು ಸೊಂಟದ ಬೆಲ್ಟ್ ಬಿಚ್ಚಿ ಕೈಯಾಗ ಹಿಡಕೊಂಡು ನಿಂತಿದ್ರು. ಕೆಳಗ ನೋಡಾಕತ್ತಿದ್ರು. ಯಾಕಲೇ ಅಂದ್ರ, ಸೆಕಿ ಆತು ಅಂದ್ರು. ಅಲ್ಲಿ ಗಾಳಿಗೆ ಮನಶಾ ಹಾರಿ ಹೋಗ್ತಾನ್ರಿ. ಎಲ್ಲೀ ಸೆಕಿ?"

ಅವತ್ತು ಸಂಜೆ ದಾನೇಶ್ವರಿ ಗಂಡನ ಮುಂದೆ ಕುಳಿತು ಅತ್ತಳು, ಬೈದಳು, ಕಾಲು ಹಿಡಿದಳು. ಕೊನೆಗೆ ಅವನು ದಣಿದವನಂತೆ, "ನಿನಗ ಹ್ಯಾಂಗ ಬೇಕೋ ಹಂಗ ಮಾಡು" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ನೀನೂ ಮರೀಬೇಕು. ಒಬ್ರು ಮರತು ಒಬ್ರು ನೆನಪಿಟ್ಟು ಸಂಸಾರ ಮಾಡೂದು ಬ್ಯಾಡ. ಮಾತ ಕೊಡು."

ಅವಳು ಅವನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಮರುದಿನ ಧಾರವಾಡಕ್ಕೆ ಹೋದಳು. ಕಟ್ಟಿ ಡಾಕ್ಟರ ಪ್ರಯೋಗಾಲಯದಲ್ಲಿ ಒಂದು ಸುಳ್ಳು ಮನೆ ಇದೆ. ಪಡಸಾಲೆ, ಅಡುಗೆಮನೆ, ಬಚ್ಚಲು, ದೇವರ ಕೋಣೆ ಎಲ್ಲ ಉಂಟು. ಬಾಳುವವರು ಮಾತ್ರ ಇಲ್ಲ. ಹೊಸ ದೀಪಗಳನ್ನು ಮೊದಲು ಅಲ್ಲೇ ಹಚ್ಚಿ ನೋಡುತ್ತಾರೆ. ಡಾಕ್ಟರು ಆ ಸುಳ್ಳು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ಬೆಳಕು ಅಳೆಯುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮಾತು ಕೇಳಿದರು.

"ನಮ್ಮ ಮನೀಗೆ ನಾವು ಕೈ ಹಚ್ಚಬಾರದವಾ. ಬ್ಯಾರೆ ಯಾರನ್ನರ ಕಳಸ್ತೀನಿ."

"ಬ್ಯಾರೆಯವರಿಗೆ ನಮ್ಮ ಮನಿ ಗೊತ್ತಿಲ್ರಿ ಸರ್. ಯಾವ ಗ್ವಾಡಿಗೆ ಯಾವ ದೀಪ, ಯಾಕ ಅಲ್ಲೇ ಐತಿ, ಎಲ್ಲಾ ನನಗ ಗೊತ್ತು."

ಡಾಕ್ಟರು ಯಂತ್ರವನ್ನು ಪಕ್ಕಕ್ಕಿಟ್ಟರು. ಆಮೇಲೆ ದೇವರ ಕೋಣೆಯ ಕಡೆ ಬೆರಳು ತೋರಿಸಿದರು. "ಎಲ್ಲಾ ದೀಪಾ ನನ್ನ ಮಾತು ಕೇಳ್ತಾವ. ಎಣ್ಣೀ ದೀಪ ಒಂದು ಕೇಳೂದಿಲ್ಲ. ಬೆಂಕ್ಯಾಗ ಹಲ್ಲು ಕೀಳ್ಲಿಕ್ಕೆ ಬರೂದಿಲ್ಲವಾ. ನಿಮ್ಮ ದೇವರ ಖೋಲ್ಯಾಗ ಎಣ್ಣೀ ದೀಪ ಹಚ್ಚತಿದ್ರೇನು?"

"ದಿನಾ ಸಂಜೀಕ."

"ಇನ್ನ ಹಚ್ಚಬ್ಯಾಡ. ಮಂಡಲ ಮುಗದ ಮ್ಯಾಲೂ ಹಚ್ಚಬ್ಯಾಡ. ನೆನಪೇನು ಸುಟ್ಟು ಹೋಗಿರೂದಿಲ್ಲ, ಕೆಳಗ ಬಿದ್ದಿರ್ತದ ಅಷ್ಟ. ಹಳೇ ಬೆಳಕು ಕಂಡ್ರ ಎದ್ದು ಬರ್ತದ. ಬಂದ್ರ ಮೊದಲನೇ ದಿನಾ ಹ್ಯಾಂಗ ಇತ್ತೋ ಹಂಗ ಬರ್ತದ. ಎಲ್ಲಾರ ದುಃಖಾನೂ ದಿನಾ ಸ್ವಲ್ಪ ಒಣಗ್ತದ. ಇದು ಒಣಗಿರೂದಿಲ್ಲ." ಅವರು ಕಟ್ಟೆಯಿಂದ ಇಳಿದರು. "ಮತ್ತ ಆ ಚಸ್ಮಾ ಇಲ್ಲೇ ಬಿಟ್ಟು ಹೋಗು."

ಅವಳು ಚಸ್ಮಾ ತೆಗೆದು ಮೇಜಿನ ಮೇಲಿಟ್ಟಳು. ಚೀಲದಲ್ಲಿ ಇನ್ನೊಂದಿತ್ತು.

ಅವಳ ಅತ್ತೆ ಶಾಂತವ್ವನಿಗೆ ಈ ಸುದ್ದಿ ಗೊತ್ತಾದ ಕೂಡಲೇ ಅವಳು ಸೀರೆಗಳನ್ನು ಗಂಟು ಕಟ್ಟಿದಳು. "ನನ್ನ ಮೊಮ್ಮಗಳನ್ನ ಮರಸೂ ಮನ್ಯಾಗ ನಾ ಒಂದು ದಿನಾನೂ ಇರಂಗಿಲ್ಲ" ಎಂದು ರೋಣದಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟಳು. ಹೋಗುವಾಗ ಮಗನನ್ನು ಬೈಯಲಿಲ್ಲ, ಸೊಸೆಯನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೀಗೆ ದಾನೇಶ್ವರಿ ತನ್ನ ಮನೆಗೆ ತಾನೇ ಬೆಳಕಿನವಳಾಗಿ ಬಂದಳು. ಮೊದಲು ಕಿಟಕಿಗಳ ಗಾಜಿಗೆ ಹಗಲಿನ ಬೆಳಕನ್ನು ಸೋಸುವ ತೆಳು ಹಾಳೆ ಅಂಟಿಸಿದಳು. ಆಮೇಲೆ ಪಂಚಾಕ್ಷರಿಯ ತಲೆಗೆ ಟೊಪ್ಪಿಗೆ ತೊಡಿಸಿ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದಳು.

"ಹೆಸರು ಹೇಳ್ರಿ."

"ಮುಕ್ತಾ" ಅಂದ ಅವನು.

ಅಡುಗೆಮನೆಯ ದೀಪ ಒಲೆಯ ಮೇಲಿತ್ತು. ಅದರ ಕೆಳಗೆ ಕಟ್ಟೆ ಹತ್ತಿ ಕುಳಿತು ಮುಕ್ತಾ ಹಸಿ ಕಡಲೆ ಸುಲಿದು ತಿನ್ನುತ್ತ ಕಾಲು ಆಡಿಸುತ್ತಿದ್ದಳು. ಹಿಮ್ಮಡಿ ಬಡಿದ ಗುರುತು ಕಟ್ಟೆಯ ಸುಣ್ಣದ ಮೇಲೆ ಇನ್ನೂ ಇತ್ತು. ದಾನೇಶ್ವರಿ ದೀಪ ಬದಲಿಸಿದಳು, ಗುರುತನ್ನು ಒದ್ದೆ ಅರಿವೆಯಿಂದ ಒರೆಸಿದಳು.

ಬಚ್ಚಲಲ್ಲಿ ಕೂರಿಸಿ ಮತ್ತೆ ಹೆಸರು ಹೇಳಿಸಿದಳು. ಮಲಗುವ ಕೋಣೆಯಲ್ಲಿ ಮತ್ತೆ. ಅಲ್ಲಿ ಗೋಡೆಯ ಬುಡದಲ್ಲಿ ಒಂದು ಪುಟ್ಟ ಝೀರೊ ಬಲ್ಬು ಇತ್ತು. ಕತ್ತಲೆಗೆ ಅಂಜುವ ಮಕ್ಕಳಿಗೆ ದೀಪ ಕೆಳಗಿರಬೇಕು, ಮೇಲಿದ್ದರೆ ಮಂಚದ ಅಡಿ ಕತ್ತಲೆ ಉಳಿಯುತ್ತದೆ ಎಂದು ಅವಳೇ ಹುಡುಕಿ ಹಾಕಿದ್ದು. ದೊಡ್ಡವರಿಬ್ಬರೇ ಮಲಗುವ ಕೋಣೆಗೆ ಅದು ಬೇಕಿರಲಿಲ್ಲ. ಬಿಚ್ಚಿದಳು.

ಪಡಸಾಲೆಯದೇ ಕಠಿಣ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಅಕ್ಷರದ ಮೇಲೆ ಕೈಯ ನೆರಳು ಬೀಳುತ್ತದೆ. ಊರಿನ ಎಲ್ಲ ಮನೆಗಳಲ್ಲೂ ಅವಳು ಓದುವ ದೀಪವನ್ನು ಎಡಗೋಡೆಗೆ ಹಾಕಿಸಿದ್ದಳು. ಇದೊಂದೇ ಮನೆಯಲ್ಲಿ ಅದು ಬಲಗೋಡೆಗಿತ್ತು. ಈಗ ಅದನ್ನು ಕಿತ್ತು ಎಡಗೋಡೆಗೆ ಮೊಳೆ ಹೊಡೆದು ಹಾಕಿದಳು. ಬಲಗೋಡೆಯಲ್ಲಿ ಎರಡು ತೂತು ಉಳಿದವು. ಅವನ್ನು ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ.

ದೇವರ ಕೋಣೆ ಕೊನೆಗೆ. ಗೋಡೆಯ ಮಾಡದಲ್ಲಿ ಎಣ್ಣೆದೀಪ. ಮಾಡ ಎತ್ತರದಲ್ಲಿತ್ತು, ದಿನಾ ಸಂಜೆ ಅಪ್ಪ ಮಗಳನ್ನು ಸೊಂಟ ಹಿಡಿದು ಎತ್ತುತ್ತಿದ್ದ, ಅವಳು ಎಡಗೈಯಲ್ಲಿ ಕಡ್ಡಿ ಹಿಡಿದು ಬತ್ತಿಗೆ ಮುಟ್ಟಿಸುತ್ತಿದ್ದಳು. ಎಡಗೈಯಲ್ಲಿ ದೇವರ ದೀಪ ಹಚ್ಚಬಾರದು ಎಂದು ಶಾಂತವ್ವ ಗೊಣಗುವುದು, ದೇವರಿಗೆ ಎಲ್ಲೀ ಎಡ, ಎಲ್ಲೀ ಬಲ ಎಂದು ಪಂಚಾಕ್ಷರಿ ನಗುವುದು. ಅಲ್ಲಿ ಅವಳು ಗಂಡನಿಂದ ಹೆಸರು ಹೇಳಿಸಲಿಲ್ಲ. ಹೇಳಿಸಿ ಪ್ರಯೋಜನವಿರಲಿಲ್ಲ. ಹಿತ್ತಾಳೆಯ ದೀಪವನ್ನು ತೊಳೆದು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಮಾಡದಲ್ಲಿ ಜ್ವಾಲೆಯಂತೆ ಅಲುಗಾಡುವ ಕರೆಂಟಿನ ದೀಪ ಇಟ್ಟಳು.

ಅಂದಿನಿಂದ ಅವಳು ಬೆಳಗಿನಿಂದ ಮಲಗುವ ತನಕ ಚಸ್ಮಾ ಹಾಕತೊಡಗಿದಳು. ಕಣ್ಣು ಮಂಜಾಗ್ಯಾವ ಎಂದು ಗಂಡನಿಗೆ ಹೇಳಿದಳು. ಯಾರಾದರೂ ಒಬ್ಬರು ನೆನಪಿಟ್ಟುಕೊಳ್ಳಬೇಕು, ಇಲ್ಲವಾದರೆ ಆ ಹುಡುಗಿ ಹುಟ್ಟಿದ್ದಕ್ಕೆ ಈ ಭೂಮಿಯ ಮೇಲೆ ಸಾಕ್ಷಿಯೇ ಇಲ್ಲದಂತಾಗುತ್ತದೆ ಎಂದು ಅವಳ ಲೆಕ್ಕ. ಮಾತು ತಪ್ಪಿದೆ ಎಂದು ಗೊತ್ತಿತ್ತು. ಆದರೂ ಚಸ್ಮಾ ತೆಗೆಯಲಿಲ್ಲ.

ಮಂಡಲ ಅರ್ಧ ಮುಗಿಯುವಷ್ಟರಲ್ಲಿ ಪಂಚಾಕ್ಷರಿ ಎರಡನೆಯ ರೊಟ್ಟಿ ಕೇಳಿದ. ಮುಗಿಯುವ ಹೊತ್ತಿಗೆ ಬಚ್ಚಲಲ್ಲಿ ಸಿಳ್ಳೆ ಹಾಕುತ್ತಿದ್ದ. ಬೆಲ್ಟ್ ಬಿಗಿಯಾಗಿ ಕಟ್ಟಿಕೊಳ್ತಾನ್ರಿ ವೈನೀ, ನಮಗ ಬೈದು ಕಟ್ಟಸ್ತಾನ ಎಂದು ಗೆಳೆಯ ಬಂದು ಹೇಳಿದ. ದಾನೇಶ್ವರಿ ದೇವರಿಗೆ ಕೈಮುಗಿದಳು. ಅವಳ ಜೀವ ತಣ್ಣಗಾಯಿತು, ನಿಜ. ಗಂಡ ಉಳಿದ.

ಆಮೇಲೆ ಆ ದಿನ ಬಂತು. ಕಪಾಟು ಒರೆಸುವಾಗ ಮುಕ್ತಾಳ ಒಂದು ಫೋಟೋ ಕೆಳಗೆ ಬಿತ್ತು, ಎರಡು ಹಲ್ಲು ಇಲ್ಲದೆ ನಗುತ್ತಿದ್ದದ್ದು. ಪಂಚಾಕ್ಷರಿ ಎತ್ತಿ ನೋಡಿದ. ಅವಳು ಒರೆಸುವ ಅರಿವೆ ಹಿಡಿದೇ ಅವನ ಮುಖ ನೋಡಿದಳು. ಅವನು ಧೂಳು ಊದಿ, ಫೋಟೋವನ್ನು ಮೇಲಿಡುತ್ತ ಹೇಳಿದ:

"ಪಾಪ. ಛಲೋ ಹುಡುಗಿ ಇತ್ತು."

ಪಕ್ಕದ ಮನೆಯವರ ಮಗುವಿನ ಬಗ್ಗೆ ಹೇಳುವಂತೆ ಹೇಳಿದ. ಹೇಳಿ, ಚಹಾ ಆಯಿತೇ ಎಂದು ಕೇಳಿದ.

ದಾನೇಶ್ವರಿಗೆ ಮಗಳು ಎರಡನೆಯ ಸಲ ಸತ್ತಳು. ಮೊದಲ ಸಲ ಅಳಲು ಜೊತೆಗೆ ಇವನಿದ್ದ. ಈ ಸಲ ಯಾರೂ ಇರಲಿಲ್ಲ. ಅವಳು ಹೊರಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಎಷ್ಟೋ ಮನೆಗಳಲ್ಲಿ ತಾನು ದೀಪ ಬದಲಿಸಿ ಬಂದದ್ದು ನೆನಪಾಯಿತು. ಆ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಮರೆತರು. ಹಾಗಾಗಿ ಅಲ್ಲಿ ಯಾರಿಗೂ ಒಂಟಿತನವಿರಲಿಲ್ಲ. ಗಂಡ ಮಾತು ತೆಗೆದುಕೊಂಡದ್ದು ಯಾಕೆ ಎಂದು ಅವಳಿಗೆ ಈಗ ತಿಳಿಯಿತು. ಚಸ್ಮಾ ತೆಗೆದು ಕೈಯಲ್ಲಿ ಹಿಡಿದಳು, ಒಡೆದುಬಿಡಲೇ ಎಂದುಕೊಂಡಳು. ಒಡೆಯಲಾಗಲಿಲ್ಲ, ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡಳು.

ತಿಂಗಳುಗಳು ಹೋದವು. ಪಂಚಾಕ್ಷರಿ ಒಳ್ಳೆಯ ಗಂಡನಾಗಿಯೇ ಇದ್ದ, ಅದೇ ಕಷ್ಟ. ಪೇಟೆಯಿಂದ ಮಿರ್ಚಿ ಭಜಿ ತರುವನು, ಹೆಂಡತಿ ಬಡವಾಗಿದ್ದಾಳೆ ಎಂದು ಗೋಳಾಡುವನು. ಒಮ್ಮೆ ಪಡಸಾಲೆಯಲ್ಲಿ ಕೂತವನು ಬಲಗೋಡೆ ನೋಡಿ, "ಇಲ್ಲೆರಡು ತೂತು ಯಾಕ ಅದಾವ? ಯಾರು ಹೊಡದ್ರು?" ಎಂದು ಕೇಳಿದ. ಅವಳು ಎದ್ದು ಅಡುಗೆಮನೆಗೆ ಹೋದಳು. ಅವನೇ ಸಿಮೆಂಟ್ ಕಲಸಿ ತಂದು, ಬೆರಳಿನಿಂದ ಒತ್ತಿ, ನುಣ್ಣಗೆ ಮುಚ್ಚಿದ.

ವರ್ಷ ತುಂಬುವ ದಿನ ಶಾಂತವ್ವ ರೋಣದಿಂದ ಬಂದಳು. ಕೈಯಲ್ಲಿ ಗಾಣದ ಎಣ್ಣೆಯ ಬಾಟಲಿ, ಸೆರಗಿನ ತುದಿಯಲ್ಲಿ ಹೊಸೆದ ಬತ್ತಿ. ಬಂದವಳು ನೇರ ದೇವರ ಕೋಣೆಗೆ ಹೋಗಿ ಕರೆಂಟಿನ ದೀಪ ನೋಡಿ ಮುಖ ಕಿವುಚಿದಳು.

"ಸಣ್ಣ ಮಕ್ಕಳಿಗೆ ವರ್ಷದ ಕಾರ್ಯ ಮಾಡೂದಿಲ್ಲ ಅಂತಾರ. ಬ್ಯಾಡ. ಒಂದು ಎಣ್ಣಿ ದೀಪ ಹಚ್ಚೂಣು. ಅದಕ್ಕೂ ಬ್ಯಾಡ ಅಂತೀಯೇನು ದಾನವ್ವಾ?"

"ಅತ್ತೀ, ಇಲ್ಲಿ ಹಚ್ಚೂದು ಬ್ಯಾಡ್ರಿ. ಹೊರಗ ತುಳಸಿ ಮುಂದ ಹಚ್ಚೂಣು."

"ಕೂಸು ಹಚ್ಚತಿದ್ದದ್ದು ಇಲ್ಲೆ."

ಶಾಂತವ್ವ ಪೆಟ್ಟಿಗೆ ತೆರೆಸಿ ಹಿತ್ತಾಳೆ ದೀಪ ತೆಗೆದಳು. ಎಣ್ಣೆ ಹಾಕಿದಳು, ಬತ್ತಿ ಇಟ್ಟಳು. ಕೈ ಮೇಲೆತ್ತಿ ಮಾಡದಲ್ಲಿ ಇಡಲು ಹೋದರೆ ಭುಜ ಏಳಲಿಲ್ಲ. ಅಷ್ಟರಲ್ಲಿ ಪಂಚಾಕ್ಷರಿ ಕೆಲಸದಿಂದ ಬಂದ. ಕೈಕಾಲು ತೊಳೆದು, ತಾಯಿಯನ್ನು ನೋಡಿ ಹಿಗ್ಗಿ, "ಯವ್ವಾ, ಯಾವಾಗ ಬಂದಿ?" ಎನ್ನುತ್ತ ಒಳಗೆ ಬಂದ.

"ಈಗ ಬಂದ್ನ್ಯಪಾ. ಈ ದೀಪ ಮ್ಯಾಲಿಟ್ಟು ಹಚ್ಚು."

ಅವನು ದೀಪವನ್ನು ಮಾಡದಲ್ಲಿಟ್ಟು ಕಡ್ಡಿಪೆಟ್ಟಿಗೆ ತೆಗೆದುಕೊಂಡ. ದಾನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಬೇಡ ಅನ್ನಲು ಅವಳಿಗೆ ಸಮಯವಿತ್ತು. ಕಂಬದ ಮೇಲೆ ಬಿಚ್ಚಿದ ಬೆಲ್ಟ್ ನೆನಪಿತ್ತು, ಡಾಕ್ಟರ ಮಾತು ನೆನಪಿತ್ತು. ಬಾಯಿಯೂ ತೆರೆದಿತ್ತು. ಆದರೆ ಒಂದು ವರ್ಷದಿಂದ ಒಬ್ಬಳೇ ಹೊತ್ತು ಅವಳಿಗೆ ಸಾಕಾಗಿತ್ತು. ಅವಳು ಬಾಯಿ ಮುಚ್ಚಿದಳು.

ಅವನು ಕಡ್ಡಿ ಗೀರಿ ಬತ್ತಿಗೆ ಮುಟ್ಟಿಸಿದ. ಬತ್ತಿ ಚಟಚಟ ಅಂದು ಹೊತ್ತಿಕೊಂಡಿತು. ಶಾಂತವ್ವ ಕೈಮುಗಿದು ಕಣ್ಣು ಮುಚ್ಚಿದಳು. ದಾನೇಶ್ವರಿ ಕರೆಂಟಿನ ದೀಪದ ಗುಂಡಿ ಆರಿಸಿದಳು, ಯಾಕೆ ಆರಿಸಿದೆ ಎಂದು ಅವಳಿಗೇ ತಿಳಿಯದು. ಕೋಣೆಯಲ್ಲಿ ಎಣ್ಣೆಯ ಬೆಳಕೊಂದೇ ಉಳಿಯಿತು.

ಪಂಚಾಕ್ಷರಿ ಕಡ್ಡಿ ಆರಿಸಿ ತಿರುಗಲು ಹೋದ. ತಿರುಗಲಿಲ್ಲ. ಅವನ ಎರಡೂ ಕೈ ತಾವೇ ಮುಂದೆ ಬಂದವು, ಅಂಗೈಗಳು ಒಂದಕ್ಕೊಂದು ಎದುರಾಗಿ, ನಡುವೆ ಒಂದು ಮಗುವಿನ ಸೊಂಟದಷ್ಟು ಜಾಗ ಬಿಟ್ಟು ನಿಂತವು. ಅವನು ಆ ಜಾಗವನ್ನೇ ನೋಡಿದ. ಒಂದು ಅಂಗಿ ಎಳೆದರೆ ಮಿಕ್ಕವೂ ಅದಕ್ಕೆ ಸಿಕ್ಕಿಕೊಂಡು ಬರುತ್ತವಲ್ಲ, ಹಾಗೆ ಒಂದರ ಹಿಂದೆ ಒಂದು ಬಂದವು. ಕಡಲೆ ಸುಲಿದದ್ದು, ಮಂಚದ ಅಡಿಯ ಕತ್ತಲೆ, ಜ್ವರದ ಹಣೆ, ಮಣ್ಣು.

"ಮುಕ್ತಾ" ಅಂದ. ಆಮೇಲೆ ಕೂಗಿದ. ಆ ಕೂಗಿಗೆ ಶಾಂತವ್ವ ಅವನನ್ನು ಅಪ್ಪಿಕೊಂಡು ನೆಲಕ್ಕೆ ಕೂರಿಸಿದಳು. ಅವನು ತಾಯಿಯ ತೊಡೆಗೆ ಮುಖವಿಟ್ಟು ಅತ್ತ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಆ ತೂತು ನಾನ ಮುಚ್ಚಿದ್ನಲ್ಲ ದಾನೇಶ್ವರೀ. ನನ್ನ ಕೈಲೇ ಮುಚ್ಚಿದೆ."

ಅವಳು ಹತ್ತಿರ ಬಂದು ಕುಳಿತಳು. ಅವನು ಅವಳ ಚಸ್ಮಾ ಮುಟ್ಟಿದ. "ನಿನಗ ನೆನಪಿತ್ತು. ಇಷ್ಟು ದಿನಾನೂ ನೆನಪಿತ್ತು. ಮಾತ ಕೊಟ್ಟಿದ್ದಿ."

"ತಪ್ಪಾತ್ರಿ" ಎಂದು ಅವಳು ಅವನ ಕೈಯಲ್ಲಿ ಮುಖ ಹುದುಗಿಸಿದಳು. ಒಂದು ವರ್ಷದ ಮೇಲೆ ಮೊದಲ ಸಲ ಅವಳು ಗಟ್ಟಿಯಾಗಿ ಅತ್ತಳು. ಇಬ್ಬರೂ ಮಗಳ ಮಾತಾಡಿದರು. ಅವಳಿಗೆ ಮರೆತದ್ದು ಅವನು ಹೇಳಿದ, ಅವನಿಗೆ ಗೊತ್ತಿಲ್ಲದ್ದು ಅವಳು ಹೇಳಿದಳು. ನಡುವೆ ಒಮ್ಮೆ ನಕ್ಕರು ಕೂಡ. ಶಾಂತವ್ವ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

ಎಣ್ಣೆ ತಳ ಮುಟ್ಟುತ್ತಿತ್ತು. ಶಾಂತವ್ವ ಬಾಟಲಿಯನ್ನು ಜೊತೆಗೇ ಒಯ್ದಿದ್ದಳು. ದಾನೇಶ್ವರಿ ಅದನ್ನು ತರಲು ಎದ್ದರೆ ಪಂಚಾಕ್ಷರಿ ಅವಳ ಕೈ ಹಿಡಿದು ಕ್ಷೀಣವಾಗುತ್ತಿದ್ದ ಬತ್ತಿಯನ್ನು ನೋಡಿದ.

"ಇಲ್ಲಿಂದ ಹೊರಗ ಹೋದ್ರ ಮತ್ತ ಮರತು ಬಿಡ್ತೀನಿ, ಹೌದಲ್ಲ?"

"ಹೌದ್ರಿ. ಎಲ್ಲಾ ಖೋಲ್ಯಾಗ ಹಳೇ ದೀಪ ಹಾಕಲೇನು? ನಾಳೆನ ಹಾಕ್ತೀನಿ."

ಅವನು ತಲೆ ಅಲ್ಲಾಡಿಸಿದ. "ಬ್ಯಾಡ. ಹಂಗಾದ್ರ ನಾ ಮತ್ತ ಆ ಕಂಬದ ಮ್ಯಾಲೆ ಬೆಲ್ಟ್ ಬಿಚ್ಚತೀನಿ. ನನಗ ಗೊತ್ತು." ಅವನು ಅವಳ ಬೆರಳುಗಳನ್ನು ಒತ್ತಿದ. "ಎಲ್ಲಾರಿಗೂ ದುಃಖ ದಿನಾ ಇಷ್ಟಿಷ್ಟ ಕಡಿಮಿ ಆಕ್ಕೈತಿ. ನನಗ ಆ ದಿನಗಳ ಸಿಗಲಿಲ್ಲ. ಅವನ್ನ ನನಗ ಕೊಡು. ದಿನಾ ಸಂಜೀಕ ಈ ದೀಪ ಹಚ್ಚಿ ನನ್ನ ಕರಿ. ನಾ ನಗಕೋತ ಬರ್ತೀನಿ, ಏನೂ ಗೊತ್ತಿರೂದಿಲ್ಲ ನನಗ. ನನ್ನ ಮುಖ ನೋಡಿ ನಿನಗ ಬ್ಯಾಡ ಅನಸ್ತೈತಿ. ಆದ್ರೂ ಕರಿ. ಈ ಸಲ ಮಾತ ತಪ್ಪಬ್ಯಾಡ."

ಅವಳು ಅವನ ಅಂಗೈ ಮೇಲೆ ಕೈಯಿಟ್ಟಳು. ಬತ್ತಿ ಒಮ್ಮೆ ಎದ್ದು ನಿಂತು ಶಾಂತವಾಯಿತು.

ಕತ್ತಲೆಯಲ್ಲಿ ಇಬ್ಬರೂ ಎದ್ದರು. ಪಂಚಾಕ್ಷರಿ ಮುಂದೆ ನಡೆದು ಹೊಸ್ತಿಲು ದಾಟಿದ. ಪಡಸಾಲೆಯ ಬೆಳಕು ಮುಖದ ಮೇಲೆ ಬೀಳುತ್ತಲೇ ಅವನು ನಡುವೆ ನಿಂತ, ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಮರೆತವರು ನಿಲ್ಲುವಂತೆ. ಹಣೆಯ ಗೆರೆಗಳು ಒಂದೊಂದಾಗಿ ಸಡಿಲಿದವು. ತನ್ನ ಒದ್ದೆ ಕೆನ್ನೆಯನ್ನು ಮುಟ್ಟಿಕೊಂಡು ಬೆರಳು ನೋಡಿದ. ಆಮೇಲೆ ಹಿಂತಿರುಗಿ ಹೆಂಡತಿಯನ್ನು ಕಂಡು ಗಾಬರಿಯಾದ.

"ಯಾಕ, ಕಣ್ಣು ಹಿಂಗ ಕೆಂಪಾಗ್ಯಾವ?"

"ಎಣ್ಣಿ ದೀಪದ ಹೊಗಿರೀ" ಅಂದಳು ಅವಳು.

"ನನಗೂ ಹೊಕ್ಕೈತಿ ನೋಡು" ಎಂದು ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಶಾಂತವ್ವ ಎಣ್ಣೆಯ ಬಾಟಲಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಸಂಜೆ ದಾನೇಶ್ವರಿ ದೀಪ ತೊಳೆದು ಎಣ್ಣೆ ತುಂಬಿಸಿದಳು. ಹೊರಗೆ ಪಂಚಾಕ್ಷರಿ ಕೆಲಸದಿಂದ ಬಂದು ಬಚ್ಚಲಲ್ಲಿ ಸಿಳ್ಳೆ ಹಾಕುತ್ತ ಕಾಲು ತೊಳೆಯುತ್ತಿದ್ದ. ಭಜಿಯ ವಾಸನೆ ಬರುತ್ತಿತ್ತು, ತಂದಿದ್ದನೇನೋ. ಎಷ್ಟು ಹಗುರವಾದ ಸಿಳ್ಳೆ ಅದು! ಇವತ್ತೊಂದು ದಿನ ಬಿಟ್ಟುಬಿಡಲೇ ಎಂದು ಅವಳು ಕಡ್ಡಿಪೆಟ್ಟಿಗೆ ಹಿಡಿದು ನಿಂತಳು. ಸಿಳ್ಳೆ ನಿಲ್ಲುವ ತನಕ ನಿಂತಳು. ಆಮೇಲೆ ಚಸ್ಮಾ ತೆಗೆದು ಮಾಡದ ಪಕ್ಕ ಇಟ್ಟಳು. ಈ ಬೆಳಕಿನಲ್ಲಿ ಅದು ಅವಳಿಗೆ ಬೇಕಿರಲಿಲ್ಲ. ಕಡ್ಡಿ ಗೀರಿ ಬತ್ತಿಗೆ ಮುಟ್ಟಿಸಿದಳು.

"ರೀ," ಎಂದು ಕರೆದಳು. "ಇಲ್ಲೆ ಬರ್ರಿ ಸ್ವಲ್ಪ."

"ಬಂದೆ, ಬಂದೆ" ಎನ್ನುತ್ತ ಅವನು ಒದ್ದೆ ಕೈ ಒರೆಸಿಕೊಳ್ಳುತ್ತ, ನಗುತ್ತ, ಬಾಗಿಲಿಗೆ ಬಂದ.